ಮೂರನೇ ಸಿಲಿಂಡರಿನ ಬಳೆ

ಜನವರಿ 9

ಸ್ಪ್ರಿಂಗೂ,

ಫೋನ್ ಮಾಡಬಹುದಿತ್ತಲ್ಲ ಎಂದು ಮುಖ ಸಿಂಡರಿಸಬೇಡ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ಹೆಸರಿಗೆ ತಕ್ಕ ಹಾಗೆ ಪುಟಿದು ನಾಲ್ಕು ಆಡಿ ಮುಗಿಸಿರುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ಮೊನ್ನೆ ನಿಮ್ಮ ಕಂಪನಿಯ ಹೊಸ ಕಾರೊಂದು ನಮ್ಮ ಅಂಗಡಿಗೆ ಬಂತು. ನೀನು ಆರು ವರ್ಷ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದ ಆ ಸಿಲಿಂಡರ್ ಹೆಡ್ಡನ್ನು ನಾನು ಮೊದಲ ಸಲ ಕೈಯಾರೆ ಬಿಚ್ಚಿ ಮೇಜಿನ ಮೇಲಿಟ್ಟೆ. ಅಂಗಡಿಯನ್ನು ನನ್ನ ಕೈಗೆ ಒಪ್ಪಿಸಿದ ಮೇಲೆ ಅಪ್ಪ ಸ್ಟೂಲಿನಿಂದ ಏಳುವುದೇ ಅಪರೂಪ, ಮಂಡಿ ನೋವು. ಅವತ್ತು ಎದ್ದು ಬಂದರು. ಹೊಗೆ ಹೊರಹೋಗುವ ದಾರಿಯೊಳಗೆ ಕಿರುಬೆರಳು ತೂರಿಸಿ ತಿರುವಿ ನೋಡಿ, "ಒಳಗೆಲ್ಲ ಬೆಣ್ಣೆ ಹಂಗಿದೆ. ನಮ್ಮ ಕಾಲದಲ್ಲಿ ಇಲ್ಲಿ ಬೆರಳು ಹಾಕಿದ್ರೆ ಚರ್ಮ ಅಲ್ಲೇ ಬಿಟ್ಟು ಬರಬೇಕಿತ್ತು" ಅಂದರು. ಹದಿನಾರು ವಾಲ್ವುಗಳನ್ನೂ ಒಂದೊಂದಾಗಿ ಎಣಿಸಿದರು. ಕಾರಿನವನ ಕಡೆ ತಿರುಗಿ "ಇದನ್ನ ಮಾಡಿದ್ದು ಯಾರು ಗೊತ್ತಾ" ಎಂದು ಶುರು ಮಾಡಿದರು. ನಾನು ಕಣ್ಣು ಬಿಟ್ಟೆ. ಸುಮ್ಮನಾದರು.

ಒಂದು ಸಣ್ಣ ಅನುಮಾನ. ವಾಲ್ವು ಬಂದು ಕೂರುವ ಉಕ್ಕಿನ ಬಳೆ ಇದೆಯಲ್ಲ, ಅದನ್ನು ಅಲ್ಯೂಮಿನಿಯಂ ಹೆಡ್ಡಿನೊಳಗೆ ಎಷ್ಟು ಬಿಗಿಯಿಟ್ಟು ಒತ್ತುತ್ತೀರಿ? ಹೊಗೆ ಕಡೆಯ ಬಳೆಗಳ ಮಾತು. ಸುಮ್ಮನೆ ಕೇಳಿದೆ. ಕಾರು ಬಂದಿದ್ದು ಸಣ್ಣ ಕೆಲಸಕ್ಕೆ. ಈಗ ಚೆನ್ನಾಗಿ ಓಡುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಜನವರಿ 18

ಅಕ್ಕಾ,

ಕಾಗದವನ್ನು ಆಫೀಸಿನ ಕಿಟಕಿಯ ಬಳಿ ನಿಂತು ಎರಡು ಸಲ ಓದಿದೆ. ಅಪ್ಪ ಬೆರಳಿಟ್ಟು ನೋಡಿದ ಆ ತಿರುವನ್ನು ನಾನು ಹದಿನೆಂಟು ಸಲ ತಿದ್ದಿದ್ದೇನೆ ಎಂದು ಅವರಿಗೆ ಹೇಳು. ಬೆಣ್ಣೆ ಎಂಬ ಮಾತು ನಮ್ಮ ಯಾವ ವರದಿಯಲ್ಲೂ ಬಂದಿರಲಿಲ್ಲ.

ಬಳೆಯ ಬಿಗಿ, ಅಂದರೆ ಅದು ಕೂರುವ ಕುಳಿಗಿಂತ ದೊಡ್ಡದಿರುವುದು, ಮಿಲಿಮೀಟರಿನ ನೂರರಲ್ಲಿ ಎಂಟು ಪಾಲು. ಅಷ್ಟು ಧಾರಾಳವಾಗಿ ಸಾಕು. ಈ ಹೆಡ್ಡಿನ ಜೀವ ಬಳೆಯಲ್ಲಿಲ್ಲ, ಕ್ಯಾಮ್ ಶಾಫ್ಟಿನಲ್ಲಿದೆ. ಅದರ ಉಬ್ಬು ತಿರುಗಿ ಬಂದು ವಾಲ್ವನ್ನು ಒತ್ತಿ ತೆರೆಯುತ್ತದೆ, ಉಬ್ಬು ದಾಟಿದ ಮೇಲೆ ಸ್ಪ್ರಿಂಗು ಅದನ್ನು ಎಳೆದು ಮತ್ತೆ ಬಳೆಗೆ ಕೂರಿಸುತ್ತದೆ. ನಿನಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲು ಇನ್ನೊಂದು ಚೂರು ಹೊತ್ತು ತೆರೆದೇ ಇರುವಂತೆ ನಾನು ಆ ಉಬ್ಬಿನ ಆಕಾರ ಬದಲಿಸಿದೆ. ಇಂಜಿನ್ನು ಎದೆ ತುಂಬ ಉಸಿರಾಡುತ್ತದೆ. ನೂರಕ್ಕೆ ಆರರಷ್ಟು ಶಕ್ತಿ ಹೆಚ್ಚಾಗಿದ್ದು ಅದರಿಂದಲೇ.

ಜೂನಿನಲ್ಲಿ ನಮ್ಮ ಮುಖ್ಯಸ್ಥರು ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಎರಡು ಹೆಸರು ಓಡಾಡುತ್ತಿವೆ, ಒಂದು ನನ್ನದು. ಕಾರು ಬೀದಿಗಿಳಿದು ಹನ್ನೊಂದು ತಿಂಗಳಾಯಿತು, ಹೆಡ್ಡಿನ ಮೇಲೆ ಬಂದ ದೂರು ಸೊನ್ನೆ. ಸೊನ್ನೆಗೆ ಇಷ್ಟು ಬೆಲೆಯಿದೆ ಎಂದು ಶಾಲೆಯಲ್ಲಿ ಗೊತ್ತಿದ್ದರೆ ಇನ್ನಷ್ಟು ತಂದಿರುತ್ತಿದ್ದೆ.

ಬಳೆಯ ಅಳತೆ ನೀನು ಯಾಕೆ ಕೇಳಿದೆ ಎಂದು ಊಹಿಸಿದೆ. ಕಂಪನಿ ಒಪ್ಪಿದ ವರ್ಕ್‌ಶಾಪುಗಳ ಪಟ್ಟಿಗೆ ಸೇರಬೇಕು, ಅಲ್ಲವೇ? ನೇರವಾಗಿ ಕೇಳಲು ಸಂಕೋಚವೇಕೆ? ಜೂನ್ ಕಳೆಯಲಿ, ಮಾತಾಡುತ್ತೇನೆ.

ನಿನ್ನ ತಮ್ಮ

*

ಫೆಬ್ರವರಿ 6

ಸ್ಪ್ರಿಂಗೂ,

ನಿನ್ನ ಊಹೆ ಓದಿ ಅಪ್ಪ ನಕ್ಕರು. ನಾನು ನಗಲಿಲ್ಲ. ಪಟ್ಟಿ ನಿನ್ನ ಹತ್ತಿರವೇ ಇರಲಿ.

ನಿಮ್ಮ ಕಾರುಗಳು ಇನ್ನೂ ಕೆಲವು ಬಂದವು. ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಹೆಡ್ಡಿಗೆ ಒತ್ತಿ, ಇನ್ನೊಂದನ್ನು ಕಿವಿಗಿಟ್ಟು ಕೇಳುವುದು ನನ್ನ ಅಭ್ಯಾಸ, ನಿನಗೆ ಗೊತ್ತು. ಬೇರೆ ಇಂಜಿನ್ನುಗಳಲ್ಲಿ ವಾಲ್ವು ಕೂರುತ್ತದೆ. ನಿನ್ನದರಲ್ಲಿ ಬೀಳುತ್ತದೆ. ಸಿಟ್ಟು ಬಂದವರು ಬಾಗಿಲು ಹಾಕಿದ ಹಾಗೆ. ಮೂರನೇ ಸಿಲಿಂಡರಿನ ಹತ್ತಿರ ಆ ಸದ್ದು ಇನ್ನೂ ಒರಟು. ಅಲ್ಲಿ ಹೆಡ್ಡನ್ನು ತಣಿಸುವ ನೀರು ಓಡುವ ದಾರಿ ಕಿರಿದಾಗಿದೆಯೇ? ಒಮ್ಮೆ ನಕ್ಷೆ ತೆಗೆದು ನೋಡು.

ಅವಸರವೇನಿಲ್ಲ. ಅವಸರವಿಲ್ಲ ಅಂದೆನೆಂದು ಜೂನಿನವರೆಗೆ ಇಟ್ಟುಕೊಂಡು ಕೂರಬೇಡ.

ಅಕ್ಕ

*

ಫೆಬ್ರವರಿ 14

ಅಕ್ಕಾ,

ನೀರಿನ ದಾರಿ ನಾಲ್ಕೂ ಸಿಲಿಂಡರಿಗೆ ಒಂದೇ ಅಳತೆ, ಆರು ಮಿಲಿಮೀಟರು. ನಕ್ಷೆ ನನ್ನ ಮುಂದೆಯೇ ಇದೆ. ಸದ್ದು ಬರುತ್ತಿದ್ದರೆ ವಾಲ್ವಿನ ತೆರಪು ಸರಿಯಾಗಿ ಇಟ್ಟಿರಲಾರರು. ಎಣ್ಣೆ ಯಾವುದು ಹಾಕಿದ್ದಾರೆ ಎಂದೂ ವಿಚಾರಿಸು. ಜನ ಕಂಡ ಕಂಡ ಎಣ್ಣೆ ಸುರಿಯುತ್ತಾರೆ.

ಈ ತಿಂಗಳು ಉಸಿರಾಡಲೂ ಬಿಡುವಿಲ್ಲ. ಎರಡನೇ ಕಾರ್ಖಾನೆಯಲ್ಲೂ ಇದೇ ಹೆಡ್ಡು ಎರಕ ಹೊಯ್ಯಲು ಶುರು ಮಾಡುತ್ತಿದ್ದಾರೆ. ಕೊನೆಯ ಸಹಿ ನನ್ನದು.

ತಮ್ಮ

*

ಮಾರ್ಚ್ 22

ತಮ್ಮಾ,

ಇದನ್ನು ಕೂತು ಓದು.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನೊಂದಿದೆ, ನಿನ್ನದೇ ಇಂಜಿನ್ನು. ಓಡಿಸುವವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹೋದ ಸೋಮವಾರ ಬಂದು, "ಏನೋ ಟಕಟಕ ಅಂತಿದೆ, ಕಂಪನಿ ವರ್ಕ್‌ಶಾಪಿಗೇ ತಗೊಂಡ್ ಹೋಗ್ಲಾ?" ಎಂದು ಕೇಳಿದಳು. ನಾನು ಸಲಾಕೆ ಇಟ್ಟು ಕೇಳಿದೆ. ಮೂರನೆಯದೇ. ಮೇಜಿನ ಮೇಲೆ ಬೇರೆ ಕೆಲಸವಿತ್ತು. "ಅಲ್ಲಿಗೆ ಯಾಕೆ ಹೋಗ್ತೀರಾ, ಬುಧವಾರ ಬನ್ನಿ, ನಾನೇ ಮಾಡ್ಕೊಡ್ತೀನಿ" ಅಂದೆ.

ಮಂಗಳವಾರ ಹದಿನಾರು ಮಕ್ಕಳನ್ನು ಇಳಿಸಿ ಖಾಲಿ ವ್ಯಾನಿನಲ್ಲಿ ಹಿಂತಿರುಗುವಾಗ ಸೇತುವೆಯ ನಟ್ಟನಡುವೆ ಬಳೆ ಕಳಚಿ ಬಿತ್ತು. ವಾಲ್ವು ಮುರಿಯಿತು, ಇಂಜಿನ್ನು ಕಚ್ಚಿಕೊಂಡು ವ್ಯಾನು ನಿಂತಲ್ಲೇ ನಿಂತಿತು. ಹಿಂದಿನಿಂದ ಬರುತ್ತಿದ್ದ ಲಾರಿಗೆ ಬ್ರೇಕು ಪೂರಾ ಹಿಡಿಯಲಿಲ್ಲ. ಆಕೆಯ ಬಲಹೆಗಲ ಕೊರಳೆಲುಬು ಮುರಿದಿದೆ. ಅರ್ಧ ಗಂಟೆ ಮೊದಲಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಬರೆಯುವುದಿಲ್ಲ, ನೀನೇ ಯೋಚಿಸು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಜನವರಿಯಲ್ಲಿ ಬಂದ ಆ ಮೊದಲ ಕಾರು ಸಣ್ಣ ಕೆಲಸಕ್ಕೆ ಬಂದಿರಲಿಲ್ಲ. ಮೂರನೇ ಸಿಲಿಂಡರಿನಲ್ಲಿ ಹೊಗೆ ಕಡೆಯ ಬಳೆ ಸಡಿಲವಾಗಿ ಅಲ್ಲಾಡುತ್ತಿತ್ತು. ಅದಾದ ಮೇಲೆ ಹನ್ನೆರಡು ಬಂದವು, ಎಲ್ಲದರಲ್ಲೂ ಅದೇ. ನೀರಿನ ದಾರಿಗೆ ತಂತಿ ತೂರಿಸಿ ನೋಡಿದೆ. ಉಳಿದ ಮೂರರಲ್ಲಿ ಸಲೀಸಾಗಿ ಹೋಗುತ್ತದೆ, ಮೂರನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಸಾಲದೆ ಅಲ್ಲಿ ಹೆಡ್ಡು ಕಾದು ಹಿಗ್ಗಿ ಬಳೆಯ ಹಿಡಿತ ಬಿಡುತ್ತದೆ. ಅದಕ್ಕೇ ನೀರು ಹರಿಯಲೆಂದು ಎರಡು ವಾಲ್ವುಗಳ ನಡುವೆ ಓರೆಯಾಗಿ ಒಂದು ತೂತು ಕೊರೆದೆ. ಬೇಕರಿಯವರು ಬಿಟ್ಟ ಹಳೆಯ ಓವನ್ ಇದೆಯಲ್ಲ, ಅದರಲ್ಲಿ ಹೆಡ್ಡನ್ನು ಕಾಯಿಸಿ, ಫ್ರಿಜ್ಜಿನಲ್ಲಿ ತಣಿಸಿದ ಹೊಸ ಬಳೆಯನ್ನು ಇನ್ನಷ್ಟು ಬಿಗಿಯಾಗಿ ಕೂರಿಸಿ ಕಳಿಸಿದೆ. ಯಾರನ್ನೂ ಕಂಪನಿಯ ಕಡೆ ಹೋಗಲು ಬಿಡಲಿಲ್ಲ. ಅಲ್ಲಿಗೆ ಹೋದರೆ ದೂರು ಬರೆಯುತ್ತಾರೆ, ದೂರಿನ ಮೇಲೆ ನಿನ್ನ ಹೆಸರು ಬರುತ್ತದೆ ಅಂತ.

ಈ ಊರಿನ ಮಟ್ಟಿಗೆ ನಿನ್ನ ಸೊನ್ನೆ ನಾನು ಉಳಿಸಿಕೊಟ್ಟ ಸೊನ್ನೆ. ತಮ್ಮನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಮಡಿಲಲ್ಲಿ ಕೆಂಡ ಕಟ್ಟಿಕೊಂಡಿದ್ದೆ. ಸುಟ್ಟಿದ್ದು ಇನ್ನೊಬ್ಬಳನ್ನು.

ಹದಿನಾಲ್ಕು ಬಳೆಗಳನ್ನೂ ಒಂದೊಂದು ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ತಾರೀಖು, ಎಷ್ಟು ಕಿಲೋಮೀಟರು, ಯಾವ ಸಿಲಿಂಡರು, ಎಲ್ಲ ಚೀಟಿಯ ಮೇಲಿದೆ. ವ್ಯಾನಿನದು ಕೊನೆಯ ಡಬ್ಬಿ.

ಅಕ್ಕ

*

ಮಾರ್ಚ್ 29

ಅಕ್ಕನಿಗೆ,

ಆಕೆಗೆ ಆದದ್ದಕ್ಕೆ ನನಗೂ ಬೇಸರವಿದೆ. ಆದರೆ ಒಂದು ಮಾತು ಸ್ಪಷ್ಟಪಡಿಸಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ ಹೆಡ್ಡಿಗೆ ತೂತು ಕೊರೆಯುವುದು, ಬೇಕರಿ ಓವನ್ನಿನಲ್ಲಿ ಕಾಯಿಸುವುದು, ಅಳತೆ ಮೀರಿದ ಬಳೆ ಹಾಕುವುದು, ಇವು ಯಾವುವೂ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಅಂಗಡಿಯಿಂದ ಬಂದ ಬಳೆಗಳನ್ನು ನಾನು ಸಭೆಯ ಮುಂದಿಟ್ಟರೆ ಮೊದಲ ಪ್ರಶ್ನೆಯೇ 'ಕೆಡಿಸಿದ್ದು ಯಾರು' ಎಂದಾಗಿರುತ್ತದೆ. ಆ ಪ್ರಶ್ನೆ ನನಗೂ ಇದೆ.

ಪೊಟ್ಟಣವನ್ನು ತೆರೆದಿಲ್ಲ. ಸ್ಟೋರಿನಲ್ಲಿದೆ.

ಜೂನ್ ಹತ್ತಿರವಿರುವಾಗ ಇದನ್ನೆಲ್ಲ ಯಾಕೆ ಎಬ್ಬಿಸಿದೆಯೋ ತಿಳಿಯಲಿಲ್ಲ.

ಇಂತು

*

ಏಪ್ರಿಲ್ 3

ತಮ್ಮಾ,

ವ್ಯಾನಿನ ಹೆಡ್ಡಿಗೆ ನಾನು ಕೈಯನ್ನೇ ಹಾಕಿರಲಿಲ್ಲ. ಅದು ನಿಮ್ಮ ಕಾರ್ಖಾನೆಯಿಂದ ಬಂದ ಹಾಗೇ ಇತ್ತು.

'ಇಂತು' ಎಂದು ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದೀಯ. ತಮ್ಮ ಎಂದು ಬರೆಯಲು ಕೈ ಬರಲಿಲ್ಲವೋ, ಮರೆತೆಯೋ? ಅಪ್ಪನಿಗೆ ಆ ಕಾಗದ ತೋರಿಸಲಿಲ್ಲ.

ಡಬ್ಬಿ ತೆರೆದು ಅಳೆ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಅಕ್ಕ

*

ಏಪ್ರಿಲ್ 30

ತಮ್ಮಾ,

ನಿನ್ನಿಂದ ಸುದ್ದಿಯಿಲ್ಲ. ನಾನು ಏನು ಮಾಡಿದೆ ಎಂಬುದನ್ನಾದರೂ ತಿಳಿಸುತ್ತೇನೆ.

ವ್ಯಾನಿನಾಕೆಯ ಮನೆಗೆ ಹೋಗಿದ್ದೆ. ಮಹಡಿಯ ಮೇಲೆ ಎರಡು ಕೋಣೆ. ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ಅವತ್ತು ನೀವು ಕಂಪನಿಗೆ ಹೋಗ್ತೀನಿ ಅಂದ್ರಿ. ಬೇಡ ಅಂದಿದ್ದು ನಾನು. ಇದು ನನಗೆ ಮೊದಲೇ ಗೊತ್ತಿದ್ದ ರೋಗ."

ಆಕೆ ಮಡಚುವುದನ್ನು ನಿಲ್ಲಿಸಲಿಲ್ಲ. "ಯಾಕೆ ಬೇಡ ಅಂದ್ರಿ?" ಎಂದು ಕೇಳಿದಳು.

"ಕೆಲಸ ನಾನೇ ಮಾಡೋಣ ಅಂತ" ಅಂದೆ. ಅದು ಪೂರ್ತಿ ನಿಜವಲ್ಲ. ನಿನ್ನ ವಿಷಯ ಬಾಯಿಗೆ ಬರಲಿಲ್ಲ.

"ಇಷ್ಟು ದಿನ ಯಾರೂ ಬಂದು ಹೀಗಾಯ್ತು ಅಂತ ಹೇಳಿರಲಿಲ್ಲ. ಲಾರಿಯವನು ನಡುರಸ್ತೆಯಲ್ಲಿ ಯಾಕೆ ನಿಲ್ಲಿಸಿದೆ ಅಂತ ನನ್ನನ್ನೇ ಬೈದ. ಕೂತ್ಕೊಳ್ಳಿ" ಅಂದಳು. ಕೂತೆ. ಉಳಿದ ಬಟ್ಟೆ ನಾನು ಮಡಚಿದೆ. ಹೊರಡುವಾಗ ಹೆಡ್ಡನ್ನು ಕೊಯ್ದು ನೋಡಲು ಒಪ್ಪಿಗೆ ಕೇಳಿದೆ. "ಕೊಯ್ರಿ. ಅದರ ಹೊಟ್ಟೆಯಲ್ಲಿ ಏನಿದೆ ಅಂತ ನನಗೂ ಗೊತ್ತಾಗಲಿ" ಅಂದಳು.

ಕೊಯ್ದೆ. ನಿನ್ನ ನಕ್ಷೆಯಲ್ಲಿ ಆರು ಮಿಲಿಮೀಟರು ಇರುವ ನೀರಿನ ದಾರಿ ಮೂರನೇ ಸಿಲಿಂಡರಿನಲ್ಲಿ ಎರಡೂವರೆ ಇದೆ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಅಲ್ಲಿ ಕುಸಿಯುತ್ತದೆ. ಕಾಗದದ ಮೇಲೆ ಕುಸಿಯುವುದಿಲ್ಲ, ಮರಳಿನಲ್ಲಿ ಕುಸಿಯುತ್ತದೆ. ಕೊಯ್ದ ಎರಡು ಹೋಳುಗಳನ್ನೂ ಅಪ್ಪನ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದರು.

"ಅವನಿಗೆ ಹೇಳಿದ್ಯಾ?"

"ಹೇಳಿದೆ."

"ಏನಂದ?"

ನಾನು ಹೋಳುಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಅಪ್ಪ, "ಹೆಡ್ಡು ಬಿಸಿಯಾದ್ರೆ ನೀರು ಬಿಡಬಹುದು. ತಲೆ ಬಿಸಿಯಾದ್ರೆ ತಾನಾಗೇ ಆರಬೇಕು. ಆದ್ರೆ ಅಲ್ಲೀತನಕ ರಸ್ತೆ ಮೇಲಿರೋರು ಕಾಯೋಕಾಗತ್ತಾ? ನೀನು ಕಾಗದ ಹಾಕು" ಅಂದರು.

ಕಂಪನಿಗೆ ಬರೆದ ಪತ್ರ ಸಿದ್ಧವಾಗಿದೆ. ಕೊಯ್ದ ಹೆಡ್ಡಿನ ಚಿತ್ರಗಳಿವೆ, ಹದಿನಾಲ್ಕು ಗಾಡಿಗಳ ವಿವರವಿದೆ, ಆಕೆಯ ಸಹಿಯೂ ಇದೆ. ನಿನ್ನ ಹೆಸರನ್ನು ಬರೆದಿಲ್ಲ, ಆದರೆ ಅಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಮೇ ಹದಿನೈದಕ್ಕೆ ಅಂಚೆಗೆ ಹಾಕುತ್ತೇನೆ. ನಿನ್ನ ಬೆನ್ನ ಹಿಂದೆ ಮಾಡಬಾರದೆಂದು ಮುಂದಾಗಿ ಹೇಳುತ್ತಿದ್ದೇನೆ. ತಡೆಯುವ ಆಸೆ ಇಟ್ಟುಕೊಳ್ಳಬೇಡ.

ಅಕ್ಕ

*

ಮೇ 12

ಅಕ್ಕಾ,

ನಿನ್ನ ಪತ್ರವನ್ನು ಅಂಚೆಗೆ ಹಾಕು. ಅದು ತಲುಪುವ ಹೊತ್ತಿಗೆ ಇಲ್ಲಿ ಎಲ್ಲರಿಗೂ ವಿಷಯ ಗೊತ್ತಿರುತ್ತದೆ. ಆದರೂ ಹಾಕು. ಹೊರಗಿನಿಂದ ಬಂದ ಕಾಗದಕ್ಕೆ ಇಲ್ಲಿ ತೂಕ ಹೆಚ್ಚು.

ಪೊಟ್ಟಣ ತೆರೆದಿಲ್ಲ ಎಂದು ಬರೆದದ್ದು ಸುಳ್ಳು. ಬಂದ ದಿನವೇ ತೆರೆದಿದ್ದೆ. ಮೊದಲ ಡಬ್ಬಿಯ ಬಳೆಯನ್ನು ಬೆಳಕಿಗೆ ಹಿಡಿದಾಗಲೇ ಗುರುತು ಸಿಕ್ಕಿತು. ಅಂಥ ಬಳೆಯನ್ನು ನಾನು ಮೊದಲೇ ನೋಡಿದ್ದೆ.

ಎರಡು ವರ್ಷದ ಹಿಂದಿನ ಮಾತು. ಇಲ್ಲಿನ ಟೆಸ್ಟ್ ರೂಮನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಯಾವ ಇಂಜಿನ್ನೇ ಆಗಲಿ ನಾನೂರು ಗಂಟೆ ನಿಲ್ಲದೆ ಓಡದಿದ್ದರೆ ಸಹಿ ಹಾಕುವುದಿಲ್ಲ. ಎಲ್ಲರೂ ಬೆನ್ನ ಹಿಂದೆ ನಾನೂರಮ್ಮ ಎನ್ನುತ್ತೇವೆ. ನಮ್ಮ ಇಂಜಿನ್ನು ಮುನ್ನೂರ ಹತ್ತನೇ ಗಂಟೆಗೆ ನಿಂತಿತು. ಮೂರನೇ ಸಿಲಿಂಡರು, ಹೊಗೆ ಕಡೆಯ ಬಳೆ. ಅದಕ್ಕೆ ಮೂರು ವಾರ ಮೊದಲಷ್ಟೇ ನಾನು ಕ್ಯಾಮ್ ಉಬ್ಬಿನ ಇಳಿಜಾರನ್ನು ಕಡಿದಾಗಿಸಿದ್ದೆ. ವಾಲ್ವು ಹೆಚ್ಚು ಹೊತ್ತು ತೆರೆದಿರಬೇಕಾದರೆ ಮುಚ್ಚುವುದು ಅವಸರದಲ್ಲೇ ಆಗಬೇಕು. ನಾನೂರಮ್ಮ ಒಂದು ಚೀಟಿ ಬರೆದು ಕಳಿಸಿದರು: 'ಇದು ಎರಕದ ದೋಷ ಮಾತ್ರವಲ್ಲ. ಇಳಿಜಾರು ನೋಡಿ.' ನಾನು ಎರಕದ ದೋಷ ಎಂದೇ ಬರೆದು, ಇನ್ನೊಂದು ಹೆಡ್ಡು ಹಾಕಿಸಿ, ನೂರು ಗಂಟೆ ಓಡಿಸಿ, ಪರೀಕ್ಷೆ ಮುಗಿಯಿತೆಂದು ಕೆಳಗಿಳಿಸಿಬಿಟ್ಟೆ. ಅವರ ಸಹಿ ಇಲ್ಲದೆಯೇ ಹೋಗುವ ಒಂದು ದಾರಿ ಹುಡುಕಿದೆ. ದಾರಿ ಹುಡುಕುವುದರಲ್ಲಿ ನಾನು ಜಾಣ.

ಫೆಬ್ರವರಿಯಲ್ಲಿ ನೀನು 'ಕೂರುವುದಿಲ್ಲ, ಬೀಳುತ್ತದೆ' ಎಂದು ಬರೆದಾಗ ಆ ಚೀಟಿ ನೆನಪಾಗಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ಎಣ್ಣೆಯ ಮೇಲೆ ಹಾಕಿದೆ, ತೆರಪಿನ ಮೇಲೆ ಹಾಕಿದೆ, ಕೊನೆಗೆ ನಿನ್ನ ಮೇಲೆ ಹಾಕಿದೆ.

ನಿನ್ನ ಏಪ್ರಿಲ್ ಮೂವತ್ತರ ಕಾಗದ ಓದಿದ ಮರುದಿನ ಡಬ್ಬಿಗಳನ್ನು ಹೊತ್ತುಕೊಂಡು ಟೆಸ್ಟ್ ರೂಮಿಗೆ ಹೋದೆ. ನಾನೂರಮ್ಮ ಒಂದೊಂದೇ ಬಳೆ ಅಳೆದರು. ಹದಿನಾಲ್ಕು ಮುಗಿದ ಮೇಲೆ, "ಈ ಚೀಟಿಗಳನ್ನ ಬರೆದಿದ್ದು ಯಾರು? ನಮ್ಮಲ್ಲಿ ಯಾರಿಗೂ ಇಷ್ಟು ಶಿಸ್ತಿಲ್ಲ" ಅಂದರು.

ನಿನ್ನೆ ಸಭೆ. ಹನ್ನೊಂದು ಜನ ಕೂತಿದ್ದ ಉದ್ದನೆಯ ಮೇಜಿನ ಮೇಲೆ ಹದಿನಾಲ್ಕು ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಮುಖ್ಯಸ್ಥರು ಕೇಳಿದರು: "ಎಲ್ಲಿಂದ ಬಂದವು ಇವು?"

"ನಮ್ಮಕ್ಕನ ಅಂಗಡಿಯಿಂದ."

"ದೂರು ಯಾಕೆ ಬರಲಿಲ್ಲ?"

"ಅವಳು ಸರಿ ಮಾಡಿ ಕಳಿಸ್ತಿದ್ದಳು. ತಪ್ಪು ನನ್ನದು ಅಂತ ಅವಳಿಗೆ ಗೊತ್ತಿತ್ತು."

ಯಾರೋ ಒಬ್ಬರು "ಹದಿನಾಲ್ಕು ತಾನೆ" ಅಂದರು. ಮುಖ್ಯಸ್ಥರು ಕನ್ನಡಕ ತೆಗೆದಿಟ್ಟು, "ಒಂದೇ ಅಂಗಡಿಯಲ್ಲಿ ಹದಿನಾಲ್ಕು. ಅಂಗಡಿಗಳು ಎಷ್ಟಿವೆ ಲೆಕ್ಕ ಇದೆಯಾ?" ಎಂದರು. ಮುನ್ನೂರ ಹತ್ತನೇ ಗಂಟೆಯ ವಿಷಯವನ್ನೂ, ಆ ಚೀಟಿಯನ್ನೂ ಮೇಜಿನ ಮೇಲಿಟ್ಟೆ.

ಎರಡನೇ ಕಾರ್ಖಾನೆಯಲ್ಲಿ ಎರಕ ನಿಲ್ಲಿಸಿದ್ದಾರೆ. ಜೂನಿನ ಕುರ್ಚಿಗೆ ಈಗ ಒಂದೇ ಹೆಸರಿದೆ, ಅದು ನನ್ನದಲ್ಲ. ಕೆಲಸ ಉಳಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಉಳಿದಷ್ಟು ದಿನ ಈ ಹೆಡ್ಡನ್ನು ಸರಿ ಮಾಡುತ್ತೇನೆ.

ನೀನು ಕೊರೆದ ತೂತಿನ ಅಳತೆ ಬೇಕು. ಎಷ್ಟು ಓರೆ, ಎಷ್ಟು ಆಳ, ಎಲ್ಲಿಂದ ಶುರು.

ನಿನ್ನ ತಮ್ಮ

*

ಮೇ 18

ಸ್ಪ್ರಿಂಗೂ,

ನಾಲ್ಕು ಮಿಲಿಮೀಟರಿನ ತೂತು. ಗ್ಯಾಸ್ಕೆಟ್ ಕೂರುವ ಮುಖದಿಂದ ಶುರು, ಎರಡು ವಾಲ್ವುಗಳ ನಡುವೆ ಮೂವತ್ತೆರಡು ಡಿಗ್ರಿ ಓರೆ. ಆಳಕ್ಕೆ ಅಳತೆ ಇಲ್ಲ, ಡ್ರಿಲ್ಲು ನೀರಿನ ದಾರಿಗೆ ಬಿದ್ದ ತಕ್ಷಣ ಕೈಗೆ ಹಗುರಾಗುತ್ತದೆ, ಅಲ್ಲಿ ನಿಲ್ಲಿಸಬೇಕು. ನಿಮ್ಮ ಯಂತ್ರಕ್ಕೆ ಕೈ ಹಗುರಾಗುವುದನ್ನು ಹೇಗೆ ಕಲಿಸುತ್ತೀರೋ ನಿಮ್ಮ ಕಷ್ಟ. ಒಂದೇ ಸಲಕ್ಕೆ ನುಗ್ಗಿದರೆ ಡ್ರಿಲ್ಲು ಮುರಿದು ಒಳಗೇ ಉಳಿಯುತ್ತದೆ. ನಾನು ಎರಡು ಮುರಿದಿದ್ದೇನೆ.

ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಸುಳ್ಳು ಹೇಳಿದ್ದಕ್ಕೆ ಇಲ್ಲಿಗೆ ಬಂದಾಗ ಬೈತೀನಿ. ಈಗ ಕೆಲಸ ಮಾಡ್ಲಿ" ಅಂದರು. ಬೈಯುವ ಸರದಿ ನನ್ನದೂ ಇದೆ, ಹಿರಿಯರ ನಂತರ.

ಪತ್ರ ಅಂಚೆಗೆ ಹಾಕಿದೆ.

ಅಕ್ಕ

*

ಜೂನ್ 9

ಅಕ್ಕಾ,

ಬೇಸರದ ಸುದ್ದಿ, ಆದರೆ ಮುಚ್ಚಿಡುವುದಿಲ್ಲ. ನಿನ್ನ ತೂತು, ನಿನ್ನ ಬಿಗಿ, ನನ್ನ ಅದೇ ಕಡಿದಾದ ಕ್ಯಾಮು, ಹೀಗೆ ಒಂದು ಇಂಜಿನ್ನು ಓಡಿಸಿದೆವು. ಬಳೆ ತಂಪಾಗಿಯೇ ಇತ್ತು, ಆದರೂ ಮುನ್ನೂರ ಐವತ್ತನೇ ಗಂಟೆಗೆ ಅಲ್ಲಾಡತೊಡಗಿತು. ನಿಮಿಷಕ್ಕೆ ಮೂರು ಸಾವಿರ ಸುತ್ತಾದರೆ ವಾಲ್ವು ಸೆಕೆಂಡಿಗೆ ಇಪ್ಪತ್ತೈದು ಸಲ ಬಳೆಯನ್ನು ಗುದ್ದುತ್ತದೆ. ನೀನು ನೀರು ಕೊಟ್ಟೆ, ಗುದ್ದು ನಿಲ್ಲಲಿಲ್ಲ. ಗುದ್ದು ನನ್ನದು.

ಇದರ ಅರ್ಥ ನಿನಗೇ ಗೊತ್ತಾಗಿರಬೇಕು. ನೀನು ಸರಿ ಮಾಡಿ ಕಳಿಸಿದ ಹದಿಮೂರು ಗಾಡಿಗಳೂ ಇವತ್ತಲ್ಲ ನಾಳೆ ಅದೇ ದಾರಿ ಹಿಡಿಯುತ್ತವೆ.

ತಮ್ಮ

*

ಜೂನ್ 15

ತಮ್ಮಾ,

ನಿನ್ನ ಕಾಗದ ಬಂದ ದಿನ ಅಂಗಡಿ ಮುಚ್ಚಿದೆ. ಹದಿಮೂರರಲ್ಲಿ ಒಂಬತ್ತು ಜನರ ಮನೆ ಬಾಗಿಲಿಗೆ ಹೋಗಿ ಬಂದಿದ್ದೇನೆ. "ನಾನು ಸರಿ ಮಾಡಿದ್ದು ಸರಿಯಾಗಿಲ್ಲ, ಹೊಸ ಭಾಗ ಬರೋವರೆಗೂ ಮೂರು ಸಾವಿರ ಸುತ್ತು ದಾಟಿಸಬೇಡಿ, ಸದ್ದು ಬಂದ್ರೆ ಅಲ್ಲೇ ನಿಲ್ಲಿಸಿ" ಎಂದು ಹೇಳಿದೆ. ಇಬ್ಬರು ಕೂಗಾಡಿದರು. ಒಬ್ಬ ಬಾಗಿಲು ಹಾಕಿಕೊಂಡ. ಬಾಗಿಲ ಹೊರಗಿನಿಂದಲೇ ಪೂರ್ತಿ ಹೇಳಿ ಮುಗಿಸಿ ಬಂದೆ. ಇಪ್ಪತ್ತು ವರ್ಷದಲ್ಲಿ ನನ್ನ ಕೈಕೆಲಸ ಹೀಗೆ ತಿರುಗಿ ಬಂದಿರಲಿಲ್ಲ. ನೀನು ಆ ಮೇಜಿನ ಮುಂದೆ ನಿಂತದ್ದು ಹೇಗಿತ್ತು ಎಂದು ಈಗ ಗೊತ್ತಾಯಿತು.

ಇನ್ನೂ ನಾಲ್ವರಿದ್ದಾರೆ. ನಾಳೆ ಹೋಗುತ್ತೇನೆ. ನೀನು ಇಳಿಜಾರು ಸರಿ ಮಾಡು.

ಅಕ್ಕ

*

ಜುಲೈ 24

ಅಕ್ಕಾ,

ತೂತೂ ಇದೆ, ಹೊಸ ಇಳಿಜಾರೂ ಇದೆ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ನಾನೂರು ಮುಟ್ಟಿತು. ನಾನೂರಮ್ಮ ಇಂಜಿನ್ನು ನಿಲ್ಲಿಸಲಿಲ್ಲ. "ಒಂದು ಸಲ ಮೋಸ ಮಾಡಿದ ಹೆಡ್ಡು ಇದು, ಇನ್ನೂ ಇನ್ನೂರು ಓಡಲಿ" ಅಂದರು. ಈಗಲೂ ಪಕ್ಕದ ಕೋಣೆಯಲ್ಲಿ ಓಡುತ್ತಿದೆ, ಈ ಕಾಗದದ ಕೆಳಗೆ ಮೇಜು ಸಣ್ಣಗೆ ನಡುಗುತ್ತಿದೆ. ನೂರಕ್ಕೆ ಆರರಷ್ಟು ಹೆಚ್ಚಿದ್ದ ಶಕ್ತಿ ಎರಡಕ್ಕೆ ಇಳಿಯಿತು. ಮಾರಾಟದವರು ಗೊಣಗಿದರು. ನಾನು ವ್ಯಾನಿನ ಕೊಯ್ದ ಹೆಡ್ಡಿನ ಚಿತ್ರ ತೋರಿಸಿದೆ.

ರಸ್ತೆಯ ಮೇಲಿರುವ ಅಷ್ಟೂ ಕಾರುಗಳನ್ನು ವಾಪಸ್ ಕರೆಸಿ ಹೆಡ್ಡು, ಕ್ಯಾಮು ಎರಡನ್ನೂ ಬದಲಿಸಲು ಕಂಪನಿ ತೀರ್ಮಾನಿಸಿದೆ. ಮೊದಲು ಶಾಲೆಯ ವ್ಯಾನುಗಳು. ನನ್ನನ್ನು ವಿನ್ಯಾಸದ ವಿಭಾಗದಿಂದ ತೆಗೆದು ಟೆಸ್ಟ್ ರೂಮಿಗೆ ಹಾಕಿದ್ದಾರೆ, ನಾನೂರಮ್ಮನ ಕೈಕೆಳಗೆ. ಮೊದಲ ದಿನ ಅವರು ಒಂದು ಸ್ಟೂಲು ತೋರಿಸಿ, "ಇಲ್ಲಿ ಕೂತು ಕೇಳು. ಒಂದು ವಾರ ಏನೂ ಬರೀಬೇಡ" ಅಂದರು. ಅವರ ಕೈಯಲ್ಲೂ ಒಂದು ಉದ್ದನೆಯ ಸಲಾಕೆಯಿದೆ.

ನನಗೆ ಇದು ಶಿಕ್ಷೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಮೊದಲೆರಡು ದಿನ ಅಂದುಕೊಂಡಿದ್ದೆ.

ತಮ್ಮ

*

ಅಕ್ಟೋಬರ್ 4

ತಮ್ಮಾ,

ಹದಿಮೂರು ಗಾಡಿಗಳಿಗೂ ಹೊಸ ಹೆಡ್ಡು ಬಂತು. ಬಾಗಿಲು ಹಾಕಿಕೊಂಡವನೂ ಬಂದು ಬದಲಿಸಿಕೊಂಡು ಹೋದ. ನನ್ನ ಮುಖ ನೋಡಲಿಲ್ಲ, ಅದು ಅವನ ಇಷ್ಟ. ನಿಮ್ಮ ಕಂಪನಿ ಎಲ್ಲ ಅಂಗಡಿಗಳಿಗೂ ಕಳಿಸಿರುವ ಹಾಳೆಯಲ್ಲಿ ಮೂವತ್ತೆರಡು ಡಿಗ್ರಿ ಎಂದಿದೆ. ಅಪ್ಪ ಅದನ್ನು ಗೋಡೆಗೆ ಅಂಟಿಸಿದ್ದಾರೆ, ಓರೆಯಾಗಿ. ಕೇಳಿದರೆ ಮೂವತ್ತೆರಡು ಡಿಗ್ರಿ ಎನ್ನುತ್ತಾರೆ.

ನಿನ್ನೆ ವ್ಯಾನಿನಾಕೆ ಬಂದಿದ್ದಳು. ಕೊರಳೆಲುಬು ಕೂಡಿದೆ, ಬಲಗೈಯನ್ನು ಪೂರ್ತಿ ಮೇಲೆತ್ತಲು ಇನ್ನೂ ಆಗುವುದಿಲ್ಲ, ಸ್ಟಿಯರಿಂಗ್ ಹಿಡಿಯಲು ತೊಂದರೆಯಿಲ್ಲವಂತೆ. ಕಂಪನಿ ವರ್ಕ್‌ಶಾಪಿನಲ್ಲಿ ವ್ಯಾನನ್ನು ಪೂರ್ತಿ ರಿಪೇರಿ ಮಾಡಿಸಿ, ಹೊಸ ಹೆಡ್ಡು ಹಾಕಿಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದಳು. "ಅವರು ಸರಿ ಇದೆ ಅಂದ್ರು. ನೀವು ಕೇಳಿ ಹೇಳಿ" ಅಂದಳು.

ಸಲಾಕೆ ಇಟ್ಟೆ. ನಾಲ್ಕೂ ಸಿಲಿಂಡರು ಕೇಳಿದೆ, ಮೂರನೆಯದನ್ನು ಎರಡು ಸಲ. ಆಮೇಲೆ ಆಕೆಯ ಕಿವಿಗೂ ಕೊಟ್ಟೆ. ಬಹಳ ಹೊತ್ತು ಬಗ್ಗಿಕೊಂಡು ಕೇಳಿದಳು.

"ಯಾರು ಮಾಡಿದ್ದು ಇದನ್ನ?"

ಏಪ್ರಿಲ್‌ನಲ್ಲಿ ಆಕೆಯ ಮನೆಯಲ್ಲಿ ನುಂಗಿದ್ದ ಮಾತನ್ನು ಇನ್ನು ಇಟ್ಟುಕೊಳ್ಳಬಾರದು ಅನ್ನಿಸಿತು. "ನನ್ನ ತಮ್ಮ" ಅಂದೆ. "ಇದನ್ನ ಮಾಡಿದ್ದೂ ಅವನೇ, ಕಳಚಿ ಬಿದ್ದಿದ್ದನ್ನ ಮಾಡಿದ್ದೂ ಅವನೇ. ಅದಕ್ಕೇ ಅವತ್ತು ನಿಮ್ಮನ್ನ ಕಂಪನಿಗೆ ಹೋಗಬೇಡಿ ಅಂದಿದ್ದು."

ಆಕೆ ಸಲಾಕೆಯನ್ನು ಮೇಜಿನ ಮೇಲಿಟ್ಟಳು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ವ್ಯಾನಿನ ಬಾಗಿಲು ತೆರೆದು, ಎಡಗೈಯಲ್ಲಿ ಹಿಡಿದುಕೊಂಡು ಹತ್ತಿ ಕೂತಳು. ಇಂಜಿನ್ನು ಚಾಲೂ ಮಾಡಿದಳು. ಆಮೇಲೆ ಕಿಟಕಿ ಇಳಿಸಿ ಹೇಳಿದಳು: "ನಿಮ್ಮ ತಮ್ಮನಿಗೆ ಬರೀರಿ. ಸೋಮವಾರದಿಂದ ಹದಿನಾರು ಮಕ್ಕಳು ಹತ್ತುತ್ತಾರೆ ಅಂತ ಬರೀರಿ. ಗೊತ್ತಿರಲಿ."

ಬರೆದಿದ್ದೇನೆ.

ಅಕ್ಕ